ಅರವತ್ತು ದಾಟದ ಗಂಡಸರು

ಎಂ.ಎಸ್ಸಿ. ಸಂಖ್ಯಾಶಾಸ್ತ್ರದ ಕೊನೆಯ ಸೆಮಿಸ್ಟರ್‌ನಲ್ಲಿ ನಮಗೊಂದು ಪ್ರಾಜೆಕ್ಟ್ ಇತ್ತು. ವಿಶ್ವಬ್ಯಾಂಕ್ ಪ್ರಕಟಿಸುವ ಅಂಕಿ ಅಂಶಗಳಲ್ಲಿ ಒಂದನ್ನು ತೆಗೆದುಕೊಂಡು, ಒಂದು ದೇಶಕ್ಕೆ ಅದರ ಗ್ರಾಫ್ ಎಳೆದು, ಅದು ಯಾಕೆ ಹಾಗಿದೆ ಎಂದು ವಿವರಿಸಬೇಕು. ಯಾರಿಗೆ ಯಾವುದು ಎಂದು ತೀರ್ಮಾನಿಸಲು ಚೀಟಿ ಎತ್ತಿದೆವು. ಪಕ್ಕದ ಗೆಳೆಯನಿಗೆ ಜಪಾನಿನ ರೈಲು ಪ್ರಯಾಣಿಕರ ಸಂಖ್ಯೆ ಬಂತು. ನನ್ನ ಚೀಟಿಯಲ್ಲಿ ಇದ್ದದ್ದು: 'ವಯಸ್ಕ ಪುರುಷರ ಮರಣ ಪ್ರಮಾಣ – ರಷ್ಯಾ'. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನನಗೂ ಬೇಜಾರಾಯಿತು.

ಗ್ರಾಫ್ ಎಳೆಯುವುದು ಹತ್ತು ನಿಮಿಷದ ಕೆಲಸ. ಸಾವಿನ ಪ್ರಮಾಣದ ಗೆರೆ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ವರ್ಷ ಕಳೆದಂತೆ ಆಸ್ಪತ್ರೆ, ಔಷಧ, ಊಟ ಎಲ್ಲ ಸುಧಾರಿಸುತ್ತವೆ, ಗೆರೆ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ಆದರೆ ನನ್ನ ಪರದೆಯ ಮೇಲೆ ಮೂಡಿದ್ದು ಆಗುಂಬೆ ಘಾಟಿ. ಏರಿತು, ಇಳಿಯಿತು, ಮತ್ತೆ ಕಡಿದಾಗಿ ಏರಿತು, ಇಳಿಯಿತು, ಇನ್ನೊಮ್ಮೆ ಏರಿತು. 1960ರ ದಶಕದಲ್ಲಿ ಇದ್ದದ್ದಕ್ಕಿಂತ ನಲವತ್ತು ವರ್ಷದ ನಂತರ ಹೆಚ್ಚು ಗಂಡಸರು ಸಾಯುತ್ತಿದ್ದರು.

ಲ್ಯಾಪ್‌ಟಾಪ್ ಹಿಡಿದುಕೊಂಡು ಮೇಡಂ ಹತ್ತಿರ ಹೋದೆ. "ಮೇಡಂ, ಡೇಟಾ ಎಲ್ಲೋ ತಪ್ಪಾಗಿದೆ ಅನ್ಸುತ್ತೆ" ಎಂದೆ. ಅವರು ಒಂದು ನಿಮಿಷ ಗೆರೆ ನೋಡಿದರು. "ಡೇಟಾ ಸರಿಯಾಗೇ ಇದೆಯಪ್ಪ. ಅಲ್ಲಿ ಅಷ್ಟು ಜನ ಸತ್ತಿದ್ದಾರೆ. ಯಾಕೆ ಅಂತ ಓದಿಕೊಂಡು ಬಾ" ಎಂದರು.

ಓದಲು ಹೊರಟವನಿಗೆ ಅದು ಪ್ರಾಜೆಕ್ಟ್ ಆಗಿ ಉಳಿಯಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಈ ಸಂಖ್ಯೆ ಏನು ಹೇಳುತ್ತದೆ?

ಮೊದಲು ಲೆಕ್ಕ ಅರ್ಥ ಮಾಡಿಕೊಳ್ಳೋಣ. 15 ವರ್ಷದ 1000 ಹುಡುಗರನ್ನು ಒಂದು ಸಾಲಿನಲ್ಲಿ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸು. ಅವರಲ್ಲಿ ಎಷ್ಟು ಜನ 60 ತುಂಬುವ ಮೊದಲೇ ಸಾಯುತ್ತಾರೆ? ಅದೇ ವಯಸ್ಕ ಪುರುಷರ ಮರಣ ಪ್ರಮಾಣ. ಹಸುಗೂಸುಗಳ ಸಾವು ಇದರಲ್ಲಿ ಸೇರುವುದಿಲ್ಲ. ವಯಸ್ಸಾದವರ ಸಾವೂ ಸೇರುವುದಿಲ್ಲ. ಓದುವ, ಕೆಲಸ ಹುಡುಕುವ, ದುಡಿಯುವ, ಮದುವೆಯಾಗುವ, ಮಕ್ಕಳನ್ನು ಬೆಳೆಸುವ ವಯಸ್ಸಿನ ಲೆಕ್ಕ ಇದು. ಅಂದರೆ ನಮ್ಮ ಲೆಕ್ಕ.

ಇದರಲ್ಲೊಂದು ಸೂಕ್ಷ್ಮ ಇದೆ. ಆ ಹುಡುಗರು 60 ಮುಟ್ಟಲು 45 ವರ್ಷ ಬೇಕು. ಅಲ್ಲಿಯವರೆಗೆ ಯಾರೂ ಕಾಯುತ್ತ ಕೂರುವುದಿಲ್ಲ. ಈ ವರ್ಷ ಆಯಾ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಿದ್ದಾರೋ ಅದೇ ಪ್ರಮಾಣ ಮುಂದಿನ 45 ವರ್ಷವೂ ಇದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಹಾಗಾಗಿ ಇದು ಭವಿಷ್ಯವಾಣಿ ಅಲ್ಲ, ಆ ಒಂದು ವರ್ಷದ ಫೋಟೋ. ಆ ವರ್ಷ ದೇಶದಲ್ಲಿ ಬದುಕು ಕೆಟ್ಟರೆ ಸಂಖ್ಯೆ ತಕ್ಷಣ ಏರುತ್ತದೆ, ಸುಧಾರಿಸಿದರೆ ತಕ್ಷಣ ಇಳಿಯುತ್ತದೆ.

2004ರ ಆಸುಪಾಸಿನ ವಿಶ್ವ ಆರೋಗ್ಯ ಸಂಸ್ಥೆಯ ವರದಿಗಳಲ್ಲಿ ರಷ್ಯಾದ ಸಂಖ್ಯೆ 1000ಕ್ಕೆ ಸುಮಾರು 480. ಹೆಚ್ಚುಕಮ್ಮಿ ಅರ್ಧಕ್ಕರ್ಧ. ಆಗ ಜಪಾನಿನಲ್ಲಿ ಅದು 100ಕ್ಕಿಂತ ಕಡಿಮೆ ಇತ್ತು. ಭಾರತದಲ್ಲಿ 300ಕ್ಕಿಂತ ಕಡಿಮೆ. ಬಾಹ್ಯಾಕಾಶಕ್ಕೆ ಮೊದಲ ಮನುಷ್ಯನನ್ನು ಕಳಿಸಿದ ದೇಶ, ಎಲ್ಲರಿಗೂ ಓದು ಬರುವ ದೇಶ, ಊರೂರಿಗೆ ವೈದ್ಯರಿರುವ ದೇಶ. ಅಲ್ಲಿ 15 ವರ್ಷದ ಹುಡುಗ 60 ಮುಟ್ಟುವುದು ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತವಾಗಿತ್ತು.

ಮೂರು ಏರು, ಮೂರು ಇಳಿವು

ಕಥೆ 1960ರ ದಶಕದಿಂದ ಶುರುವಾಗುತ್ತದೆ. ಆಗ ಸೋವಿಯತ್ ರಷ್ಯಾದ ಗಂಡಸರ ಸರಾಸರಿ ಆಯುಷ್ಯ 64 ವರ್ಷ ದಾಟಿತ್ತು, ಪಶ್ಚಿಮ ಯುರೋಪಿನವರಿಗಿಂತ ತೀರಾ ಹಿಂದೇನೂ ಇರಲಿಲ್ಲ. ಅಲ್ಲಿಂದ ಮುಂದೆ ಅವರು ಮೇಲೆ ಹೋದರು, ಇವರು ಕೆಳಗೆ ಬಂದರು. 1980ರ ಹೊತ್ತಿಗೆ ರಷ್ಯಾದ ಗಂಡಸಿನ ಸರಾಸರಿ ಆಯುಷ್ಯ 62ಕ್ಕಿಂತ ಕೆಳಗಿಳಿದಿತ್ತು. ಸರ್ಕಾರ ಏನು ಮಾಡಿತು ಗೊತ್ತೇ? 1970ರ ದಶಕದ ನಡುವಿನಿಂದ ಸಾವಿನ ವಿವರವಾದ ಅಂಕಿಗಳನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಜ್ವರ ಬಂದರೆ ಥರ್ಮಾಮೀಟರ್ ಬಚ್ಚಿಟ್ಟ ಹಾಗೆ. ಅಂಕಿಗಳು ಮತ್ತೆ ಹೊರಬಂದದ್ದು ಗೋರ್ಬಚೆವ್ ಕಾಲದಲ್ಲಿ.

1985ರ ಮೇ ತಿಂಗಳಲ್ಲಿ ಮಿಖಾಯಿಲ್ ಗೋರ್ಬಚೆವ್ ಮದ್ಯದ ವಿರುದ್ಧ ದೊಡ್ಡ ಅಭಿಯಾನ ಶುರು ಮಾಡಿದರು. ವೋಡ್ಕಾ ಉತ್ಪಾದನೆ ಇಳಿಸಿದರು, ಬೆಲೆ ಏರಿಸಿದರು, ಮಧ್ಯಾಹ್ನ 2 ಗಂಟೆಗೆ ಮೊದಲು ಮಾರುವಂತಿಲ್ಲ ಎಂದರು. ದ್ರಾಕ್ಷಿ ತೋಟಗಳನ್ನೂ ಕಿತ್ತುಹಾಕಿಸಿದರು. ಜನ ಬೈದರು. ಪಕ್ಷದ 'ಜನರಲ್ ಸೆಕ್ರೆಟರಿ'ಯಾಗಿದ್ದ ಅವರಿಗೆ 'ಮಿನರಲ್ ಸೆಕ್ರೆಟರಿ' ಎಂದು ಅಡ್ಡಹೆಸರಿಟ್ಟರು, ಮಿನರಲ್ ವಾಟರ್ ಕುಡಿಸುವವನು ಎಂದು. ಆದರೆ ಗ್ರಾಫ್ ನೋಡಿ. 1984ರಲ್ಲಿ ಸುಮಾರು 62 ಇದ್ದ ಗಂಡಸರ ಆಯುಷ್ಯ 1987ಕ್ಕೆ ಹತ್ತಿರ ಹತ್ತಿರ 65. ಮೂರು ವರ್ಷದಲ್ಲಿ ಮೂರು ವರ್ಷ. ಯಾವ ಹೊಸ ಔಷಧವೂ ಬಂದಿರಲಿಲ್ಲ.

ಅಭಿಯಾನ ಬಹಳ ದಿನ ನಡೆಯಲಿಲ್ಲ. ಮನೆಮನೆಯಲ್ಲಿ ಕಳ್ಳಬಟ್ಟಿ ಕಾಯಿಸತೊಡಗಿದರು, ಅದಕ್ಕೆ ಬಳಸಿ ಬಳಸಿ ಅಂಗಡಿಗಳಲ್ಲಿ ಸಕ್ಕರೆಯೇ ಸಿಗದಂತಾಯಿತು. ಮದ್ಯದ ಆದಾಯವಿಲ್ಲದೆ ಸರ್ಕಾರದ ಬೊಕ್ಕಸ ಸೊರಗಿತು. 1988ರ ಹೊತ್ತಿಗೆ ಅಭಿಯಾನ ಸಡಿಲವಾಯಿತು. ಗೆರೆ ಮತ್ತೆ ಏರಲು ಶುರುವಾಯಿತು.

1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರ ಜನವರಿ 2ರಂದು ಹೊಸ ಸರ್ಕಾರ ಬಹುತೇಕ ವಸ್ತುಗಳ ಬೆಲೆ ನಿಯಂತ್ರಣ ತೆಗೆದುಹಾಕಿತು. ಆ ಒಂದೇ ವರ್ಷದಲ್ಲಿ ಬೆಲೆಗಳು 25 ಪಟ್ಟಿಗೂ ಹೆಚ್ಚು ಏರಿದವು. ಜೀವಮಾನವಿಡೀ ಕೂಡಿಟ್ಟ ಉಳಿತಾಯ ತಿಂಗಳುಗಳಲ್ಲಿ ಕರಗಿತು. ಕಾರ್ಖಾನೆಗಳು ಖಾಸಗಿಯವರ ಕೈಗೆ ಹೋದವು ಇಲ್ಲವೇ ಸದ್ದಿಲ್ಲದೆ ನಿಂತವು. ಹೆಸರಿಗೆ ಕೆಲಸ ಇದ್ದವರಿಗೂ ತಿಂಗಳುಗಟ್ಟಲೆ ಸಂಬಳ ಇಲ್ಲ. ಕೆಲವು ಕಡೆ ಸಂಬಳದ ಬದಲು ಕಾರ್ಖಾನೆಯಲ್ಲಿ ತಯಾರಾದ ಸಾಮಾನನ್ನೇ ಕೊಟ್ಟು ಮಾರಿಕೊಳ್ಳಿ ಎಂದರು. ಅದೇ 1992ರಲ್ಲಿ ವೋಡ್ಕಾ ಮೇಲಿದ್ದ ಸರ್ಕಾರದ ಏಕಸ್ವಾಮ್ಯವನ್ನೂ ತೆಗೆದರು. ಎಲ್ಲದರ ಬೆಲೆ ಏರಿದರೂ ಊಟದ ಸಾಮಾನಿಗೆ ಹೋಲಿಸಿದರೆ ವೋಡ್ಕಾ ಅಗ್ಗವಾಯಿತು.

1994ರಲ್ಲಿ ರಷ್ಯಾದ ಗಂಡಸಿನ ಸರಾಸರಿ ಆಯುಷ್ಯ ಸುಮಾರು 57 ವರೆ ವರ್ಷ. ಏಳು ವರ್ಷದಲ್ಲಿ ಏಳು ವರ್ಷಕ್ಕೂ ಹೆಚ್ಚು ಕುಸಿತ. ಯುದ್ಧ ಇಲ್ಲ, ಬರಗಾಲ ಇಲ್ಲ, ಪ್ಲೇಗ್ ಇಲ್ಲ. 1998ರ ಹೊತ್ತಿಗೆ ಸ್ವಲ್ಪ ಚೇತರಿಸಿ 61 ದಾಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ರೂಬಲ್ ಕುಸಿದು ಸರ್ಕಾರ ಸಾಲ ತೀರಿಸಲಾರೆ ಎಂದಿತು. ಗೆರೆ ಮತ್ತೆ ಏರಿತು. 2003ರಲ್ಲಿ ಆಯುಷ್ಯ ಪುನಃ 58 ವರೆ ಆಸುಪಾಸು.

1992ರಿಂದ 2001ರವರೆಗಿನ ಹತ್ತು ವರ್ಷದಲ್ಲಿ, 1991ರ ಪ್ರಮಾಣವೇ ಮುಂದುವರಿದಿದ್ದರೆ ಸಾಯುತ್ತಿದ್ದವರಿಗಿಂತ 25ರಿಂದ 30 ಲಕ್ಷ ಹೆಚ್ಚು ಜನ ನಡುವಯಸ್ಸಿನಲ್ಲಿ ಸತ್ತರು ಎಂದು 2003ರಲ್ಲಿ ಸಂಶೋಧಕರು ಅಂದಾಜು ಮಾಡಿದರು.

ಸತ್ತವರು ಯಾರು?

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಒಂದು ದೇಶದಲ್ಲಿ ಕಷ್ಟ ಬಂದರೆ ಮೊದಲು ಸಾಯುವವರು ಹಸುಗೂಸುಗಳು, ಮುದುಕರು ಎಂದು ನಾವು ಭಾವಿಸುತ್ತೇವೆ. ರಷ್ಯಾದಲ್ಲಿ ಹಾಗಾಗಲಿಲ್ಲ. ಸಾವು ಅತಿ ಹೆಚ್ಚು ಏರಿದ್ದು 30ರಿಂದ 55ರ ನಡುವಿನ ಗಂಡಸರಲ್ಲಿ. ಮೈಯಲ್ಲಿ ಎಲ್ಲರಿಗಿಂತ ಹೆಚ್ಚು ಶಕ್ತಿ ಇರುವವರಲ್ಲಿ.

ಹೆಂಗಸರು? ಅವರದ್ದೂ ಅದೇ ಮನೆ, ಅದೇ ಬೆಲೆ ಏರಿಕೆ, ಅದೇ ಬಾಕಿ ಸಂಬಳ. ಅವರ ಆಯುಷ್ಯವೂ ಇಳಿಯಿತು, ಆದರೆ ಅಷ್ಟಲ್ಲ. 1994ರಲ್ಲಿ ರಷ್ಯಾದ ಹೆಂಗಸು ಸರಾಸರಿ 71 ವರ್ಷ ಬದುಕುತ್ತಿದ್ದಳು. ಗಂಡನಿಗಿಂತ 13 ವರ್ಷಕ್ಕೂ ಹೆಚ್ಚು. ಆ ಕಾಲದ ರಷ್ಯಾದ ಹಳ್ಳಿಗಳಲ್ಲಿ ಅಜ್ಜಿಯಂದಿರೇ ಇದ್ದರು, ಅಜ್ಜಂದಿರು ಕಡಿಮೆ.

ಗಂಡಸರಲ್ಲೂ ಎಲ್ಲರೂ ಒಂದೇ ಅಲ್ಲ. ಹೆಚ್ಚು ಓದಿದವರಿಗಿಂತ ಕಡಿಮೆ ಓದಿದವರಲ್ಲಿ ಸಾವು ಹೆಚ್ಚು ಏರಿತು. ಕಾರಣಗಳ ಪಟ್ಟಿಯಲ್ಲಿ ಹೃದಯದ ಕಾಯಿಲೆ ಮೊದಲು, ನಂತರ ಅಪಘಾತ, ಮದ್ಯದ ವಿಷ, ಆತ್ಮಹತ್ಯೆ, ಕೊಲೆ. ಕ್ಷಯರೋಗವೂ ಮರಳಿ ಬಂತು. ಜೊತೆಗೆ ಬೀಡಿ ಸಿಗರೇಟು: 2009ರ ಸಮೀಕ್ಷೆಯಲ್ಲೂ ಅಲ್ಲಿನ ನೂರಕ್ಕೆ 60 ಗಂಡಸರು ಹೊಗೆಬತ್ತಿ ಸೇದುತ್ತಿದ್ದರು.

ಹೃದಯದ ಕಾಯಿಲೆ ಎಂದರೆ ಕೊಬ್ಬು, ಬಿ.ಪಿ. ಎಂದು ನಾನು ಅಂದುಕೊಂಡಿದ್ದೆ. ಆದರೆ ಮಾಸ್ಕೋದಲ್ಲಿ ನಡೆದ ಒಂದು ಅಧ್ಯಯನ ಹೃದಯಾಘಾತದ ಸಾವುಗಳನ್ನು ವಾರದ ದಿನಗಳ ಪ್ರಕಾರ ಜೋಡಿಸಿ ನೋಡಿತು. ಶನಿವಾರ, ಭಾನುವಾರ, ಸೋಮವಾರ ಸಾವು ಹೆಚ್ಚು. ಕೊಬ್ಬಿಗೆ ವಾರ ಗೊತ್ತಿರುವುದಿಲ್ಲ. ಬಾಟಲಿಗೆ ಗೊತ್ತಿರುತ್ತದೆ.

ಬಾಟಲಿಯೋ, ಕೆಲಸವೋ?

ಇಲ್ಲಿಂದ ಮುಂದೆ ಸಂಶೋಧಕರ ನಡುವೆಯೇ ಜಗಳ. ಒಬ್ಬರು ವೋಡ್ಕಾ ಕೊಂದಿತು ಎನ್ನುತ್ತಾರೆ, ಇನ್ನೊಬ್ಬರು ನಿರುದ್ಯೋಗ ಕೊಂದಿತು ಎನ್ನುತ್ತಾರೆ.

ವೋಡ್ಕಾ ಪಕ್ಷದ ಸಾಕ್ಷ್ಯ ಗಟ್ಟಿಯಾಗಿದೆ. ಉರಲ್ ಸೀಮೆಯಲ್ಲಿ ಇಝೆವ್ಸ್ಕ್ ಎಂಬ ಊರಿದೆ, ಕಲಾಶ್ನಿಕೋವ್ ಬಂದೂಕು ತಯಾರಾಗುವ ಊರು. ಅಲ್ಲಿ 25ರಿಂದ 54 ವಯಸ್ಸಿನೊಳಗೆ ಸತ್ತ ಗಂಡಸರ ಮನೆಗಳಿಗೆ ಹೋಗಿ ವಿಚಾರಿಸಿ, ಅದೇ ವಯಸ್ಸಿನ ಬದುಕಿರುವವರ ಜೊತೆ ಹೋಲಿಸಿದರು. 2007ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶ: ಆ ಸಾವುಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಅಪಾಯಕಾರಿ ಕುಡಿತಕ್ಕೆ ಸೇರಬೇಕಾದವು. ಕೆಲವರು ವೋಡ್ಕಾ ಕೊಳ್ಳಲೂ ದುಡ್ಡಿಲ್ಲದೆ ಸೆಂಟು, ಔಷಧದ ಟಿಂಕ್ಚರ್, ಶುಚಿಗೊಳಿಸುವ ದ್ರವ ಕುಡಿಯುತ್ತಿದ್ದರು. ಅವುಗಳಲ್ಲಿ ಮದ್ಯಸಾರ ಹೆಚ್ಚು, ಬೆಲೆ ಕಡಿಮೆ. ಇನ್ನೊಂದು ಅಧ್ಯಯನ ಸೈಬೀರಿಯಾದ ಮೂರು ಊರುಗಳಲ್ಲಿ, ಟಾಮ್ಸ್ಕ್, ಬರ್ನೌಲ್, ಬಿಯಿಸ್ಕ್‌ಗಳಲ್ಲಿ, ಸುಮಾರು 48 ಸಾವಿರ ಮೃತರ ಮನೆಯವರನ್ನು ಮಾತನಾಡಿಸಿತು. 15ರಿಂದ 54 ವಯಸ್ಸಿನ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಮದ್ಯದ್ದೇ ಕೈವಾಡ ಎಂದಿತು.

ಇನ್ನೊಂದು ಪಕ್ಷದ ವಾದವೂ ತಳ್ಳಿಹಾಕುವಂಥದ್ದಲ್ಲ. 2009ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಬಂದ ಲೇಖನವೊಂದು ಹಳೆಯ ಕಮ್ಯುನಿಸ್ಟ್ ದೇಶಗಳನ್ನೆಲ್ಲ ಹೋಲಿಸಿತು. ಕಾರ್ಖಾನೆಗಳನ್ನು ಒಂದೇ ಏಟಿಗೆ ಖಾಸಗಿಗೆ ಕೊಟ್ಟ ದೇಶಗಳಲ್ಲಿ ದುಡಿಯುವ ಗಂಡಸರ ಸಾವು ಹೆಚ್ಚು ಏರಿತ್ತು ಎಂದಿತು. ಆದರೆ ಸಂಘ, ಚರ್ಚು, ಕ್ರೀಡಾ ಕ್ಲಬ್ ಎಂದು ಜನ ಯಾವುದಾದರೊಂದು ಗುಂಪಿಗೆ ಸೇರಿಕೊಂಡಿದ್ದ ದೇಶಗಳಲ್ಲಿ ಆ ಏಟು ಬಲವಾಗಿ ತಟ್ಟಲಿಲ್ಲವಂತೆ. ಈ ಲೆಕ್ಕವನ್ನು ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ. 1985ರ ಅಭಿಯಾನದಿಂದ ಬದುಕುಳಿದವರೇ ಮದ್ಯ ಮರಳಿ ಬಂದಾಗ ಸತ್ತರು, ಆದ್ದರಿಂದ 1990ರ ದಶಕದ ಏರಿಕೆಯಲ್ಲಿ ದೊಡ್ಡ ಪಾಲು ಹಳೆಯ ಬಾಕಿ ಎಂದು ವಾದಿಸಿದವರೂ ಇದ್ದಾರೆ.

ನನ್ನ ವರದಿಯ ಈ ಭಾಗಕ್ಕೆ ಬಂದಾಗ ನಾನು ನಿಂತುಬಿಟ್ಟೆ. ಯಾಕೆಂದರೆ ಇದೇ ಜಗಳ ನಮ್ಮ ಮನೆಯಲ್ಲೂ ನಡೆದಿತ್ತು.

ನಮ್ಮ ಚಿಕ್ಕಪ್ಪ

ನಮ್ಮದು ದಾವಣಗೆರೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಚಿಕ್ಕಪ್ಪ ಅಂಥದ್ದೊಂದು ಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿ ಮುಚ್ಚಿದಾಗ ನಾನಿನ್ನೂ ಹುಟ್ಟಿರಲಿಲ್ಲ. ನಾನು ಕಂಡ ಚಿಕ್ಕಪ್ಪ ಒಂದಷ್ಟು ದಿನ ಮಂಡಕ್ಕಿ ಭಟ್ಟಿಯಲ್ಲಿ, ಒಂದಷ್ಟು ದಿನ ಲಾರಿ ಲೋಡಿಂಗಿಗೆ, ಒಂದಷ್ಟು ದಿನ ಎಲ್ಲಿಗೂ ಇಲ್ಲ. ಸಂಜೆಯಾದರೆ ಕುಡಿತ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಕ್ವಾರ್ಟರ್ ಬಾಟಲಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ರಾತ್ರಿ ಎದೆ ಹಿಡಿದುಕೊಂಡು ಕೂತರು, ಆಸ್ಪತ್ರೆ ಮುಟ್ಟಲಿಲ್ಲ. ವಯಸ್ಸು 47.

ಅಪ್ಪ ಇವತ್ತಿಗೂ ಹೇಳುವುದು ಒಂದೇ ಮಾತು: "ಕುಡಿದು ಸತ್ತ". ಅಜ್ಜಿ ಸಾಯುವವರೆಗೂ ಹೇಳಿದ್ದು ಇನ್ನೊಂದೇ ಮಾತು: "ಗಿರಣಿ ಮುಚ್ಚಿದ ದಿನಾನೇ ನನ್ನ ಮಗ ಸತ್ತ". ಚಿಕ್ಕಮ್ಮ ಏನೂ ಹೇಳುವುದಿಲ್ಲ. ಅವರು ಅಂಗನವಾಡಿ ಸಹಾಯಕಿಯಾಗಿ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ನಾನು ಅಪ್ಪನ ಪಕ್ಷ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬ ಕುಡುಕ ಇದ್ದ ಎಂದು ಹೇಳಲು ನಾಚಿಕೆಯಾಗಿ ಆ ವಿಷಯವನ್ನೇ ಎತ್ತುತ್ತಿರಲಿಲ್ಲ.

ಸಂಖ್ಯಾಶಾಸ್ತ್ರ ಓದಿದವನಾಗಿ ಹೇಳಬೇಕು, ಒಬ್ಬ ಚಿಕ್ಕಪ್ಪ ಡೇಟಾ ಅಲ್ಲ. ದಾವಣಗೆರೆ ರಷ್ಯಾ ಅಲ್ಲ. ಒಂದು ಸಾವಿನಿಂದ ಯಾವ ಸಿದ್ಧಾಂತವನ್ನೂ ಕಟ್ಟಲು ಬರುವುದಿಲ್ಲ. ಆದರೆ ರಷ್ಯಾದ ಗೆರೆ ನನಗೆ ಒಂದು ವಿಷಯ ಕಲಿಸಿತು. ಅಪ್ಪ, ಅಜ್ಜಿ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು.

ಮದ್ಯ ಹೇಗೆ ಕೊಲ್ಲುತ್ತದೆ ಎಂಬುದು ಒಂದು ಪ್ರಶ್ನೆ. ಅದಕ್ಕೆ ಉತ್ತರ ಯಕೃತ್ತಿನಲ್ಲಿ, ಹೃದಯದ ಬಡಿತದಲ್ಲಿ ಇದೆ. ಅಷ್ಟೊಂದು ಗಂಡಸರು ಅದೇ ವರ್ಷಗಳಲ್ಲಿ ಯಾಕೆ ಅಷ್ಟು ಕುಡಿದರು ಎಂಬುದು ಇನ್ನೊಂದು ಪ್ರಶ್ನೆ. ಅದಕ್ಕೆ ಉತ್ತರ ಮುಚ್ಚಿದ ಗೇಟಿನಲ್ಲಿ, ಬಾರದ ಸಂಬಳದಲ್ಲಿ, ಅಗ್ಗದ ಬಾಟಲಿಯಲ್ಲಿ ಇದೆ. 1987ರ ರಷ್ಯನ್ನನೂ 1994ರ ರಷ್ಯನ್ನನೂ ಒಬ್ಬನೇ ಮನುಷ್ಯ. ಏಳು ವರ್ಷದಲ್ಲಿ ಒಂದು ದೇಶದ ಗಂಡಸರೆಲ್ಲರ ಗುಣ ಕೆಡುವುದಿಲ್ಲ. ಸೋಮಾರಿಗಳು, ದುರ್ಬಲ ಮನಸ್ಸಿನವರು ಎಂದು ಬೈದರೆ ಗ್ರಾಫಿನ ಏರಿಕೆಯನ್ನು ವಿವರಿಸಿದಂತಾಗುವುದಿಲ್ಲ.

ಹಾಗೆಂದು ಕೆಲಸ ಹೋದದ್ದೊಂದೇ ಕಾರಣ ಎಂದು ಕೈತೊಳೆದುಕೊಳ್ಳಲೂ ಆಗುವುದಿಲ್ಲ. ಪೋಲೆಂಡ್, ಜೆಕ್ ದೇಶಗಳಲ್ಲೂ ಹಳೆಯ ವ್ಯವಸ್ಥೆ ಬಿತ್ತು, ಕಾರ್ಖಾನೆ ಮುಚ್ಚಿದವು. ಅಲ್ಲಿ ಗಂಡಸರ ಆಯುಷ್ಯ ಕೆಲವೇ ವರ್ಷಗಳಲ್ಲಿ ಏರತೊಡಗಿತು. ರಷ್ಯಾದ ಹೆಂಗಸರಿಗೂ ಸಂಬಳ ಬಾಕಿ ಇತ್ತು, ಅವರು ಬಾಟಲಿ ಹಿಡಿದದ್ದು ಗಂಡಸರಿಗಿಂತ ಬಹಳ ಕಡಿಮೆ. ಕೆಲಸ ಹೋಗುವುದಕ್ಕೂ ಜೀವ ಹೋಗುವುದಕ್ಕೂ ನಡುವೆ ಒಂದು ದಾರಿ ಇದೆ. ಆ ದಾರಿಯಲ್ಲಿ ಸುಲಭವಾಗಿ ಸಿಗುವ ಬಾಟಲಿ ಇತ್ತು. ಕಷ್ಟ ಹೇಳಿಕೊಂಡರೆ ಗಂಡಸ್ತನ ಕಡಿಮೆಯಾಗುತ್ತದೆ ಎಂಬ ನಂಬಿಕೆಯೂ ಇತ್ತು ಎಂದು ನನಗನ್ನಿಸುತ್ತದೆ.

ಗೆರೆ ಇಳಿಯಿತು

ಕಥೆಯ ಒಳ್ಳೆಯ ಭಾಗ ಇನ್ನೂ ಇದೆ. 2005ರ ನಂತರ ರಷ್ಯಾದ ಗೆರೆ ಇಳಿಯಲು ಶುರುವಾಯಿತು, ಈ ಸಲ ವರ್ಷಗಟ್ಟಲೆ ಇಳಿಯುತ್ತಲೇ ಹೋಯಿತು. ತೈಲದ ಹಣ ಬಂದು ಆರ್ಥಿಕತೆ ಚೇತರಿಸಿಕೊಂಡಿತ್ತು. ಸರ್ಕಾರ 1985ರ ಪಾಠ ಕಲಿತಿತ್ತು. ಒಂದೇ ಏಟಿಗೆ ಎಲ್ಲ ಬಂದ್ ಮಾಡಲಿಲ್ಲ. 2006ರಲ್ಲಿ ಮದ್ಯಸಾರದ ಉತ್ಪಾದನೆ, ಮಾರಾಟದ ಮೇಲೆ ಬಿಗಿಯಾದ ಲೆಕ್ಕ ಇಟ್ಟಿತು. 2010ರಲ್ಲಿ ವೋಡ್ಕಾಕ್ಕೆ ಕನಿಷ್ಠ ಬೆಲೆ ಗೊತ್ತುಮಾಡಿತು. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಮದ್ಯವೇ ಅಲ್ಲದಿದ್ದ ಬಿಯರನ್ನು 2011ರ ಕಾಯ್ದೆಯಲ್ಲಿ ಮದ್ಯ ಎಂದು ಸೇರಿಸಿತು. ರಾತ್ರಿ 11ರ ನಂತರ ಅಂಗಡಿಯಲ್ಲಿ ಮಾರಾಟ ನಿಂತಿತು. 2013ರಲ್ಲಿ ತಂಬಾಕಿನ ವಿರುದ್ಧ ಕಾಯ್ದೆ ಬಂತು.

2003ರಿಂದ 2016ರ ನಡುವೆ ರಷ್ಯಾದಲ್ಲಿ ತಲಾ ಮದ್ಯ ಸೇವನೆ ನೂರಕ್ಕೆ 43ರಷ್ಟು ಇಳಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಗಂಡಸರ ಸರಾಸರಿ ಆಯುಷ್ಯ 2010ಕ್ಕೆ 63, 2019ಕ್ಕೆ 68 ಮುಟ್ಟಿತು. ಆ ದೇಶದ ಚರಿತ್ರೆಯಲ್ಲೇ ಅತಿ ಹೆಚ್ಚು.

ಇದರ ನಡುವೆ 2018ರಲ್ಲಿ ಸರ್ಕಾರ ಗಂಡಸರ ಪಿಂಚಣಿ ವಯಸ್ಸನ್ನು 60ರಿಂದ 65ಕ್ಕೆ ಏರಿಸುತ್ತೇವೆ ಎಂದಾಗ ಊರೂರಿನಲ್ಲಿ ಪ್ರತಿಭಟನೆ ನಡೆಯಿತು. ಪಿಂಚಣಿ ಕೈಗೆ ಬರುವವರೆಗೆ ನಾವು ಬದುಕಿರುವುದಿಲ್ಲ ಎಂಬುದೇ ಜನರ ಸಿಟ್ಟು. ಅಪ್ಪ, ಮಾವಂದಿರನ್ನು 60ರೊಳಗೆ ಮಣ್ಣು ಮಾಡಿದವರಿಗೆ ಸರ್ಕಾರದ ಹೊಸ ಸರಾಸರಿಯ ಮೇಲೆ ನಂಬಿಕೆ ಬರುವುದು ಕಷ್ಟ. ಆಮೇಲೆ ಕೋವಿಡ್ ಬಂತು, 2021ರಲ್ಲಿ ಆಯುಷ್ಯ ಪುನಃ 65 ವರೆಗೆ ಇಳಿಯಿತು. 2022ರಿಂದ ಉಕ್ರೇನ್ ಯುದ್ಧ. ಗಂಡಸರ ಸಾವಿನ ಲೆಕ್ಕಕ್ಕೆ ಇನ್ನೊಂದು ಕಾರಣ ಸೇರಿತು. ಗಳಿಸಿದ ವರ್ಷಗಳು ಖಾಯಂ ಅಲ್ಲ ಎಂದು ಈ ಗೆರೆ ಮತ್ತೆ ಮತ್ತೆ ಹೇಳುತ್ತದೆ.

ನಮಗೆ ಇದರಿಂದ ಏನು?

ಪ್ರಾಜೆಕ್ಟ್ ಮುಗಿದು ಎರಡು ವರ್ಷವಾಯಿತು. ಈಗ ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಹೊರಗೆ ಚಪ್ಪಲಿ ಬಿಟ್ಟು ಕಾಯುವ ಮೂವತ್ತು ನಲವತ್ತು ಜನರಲ್ಲಿ ನಾನೂ ಒಬ್ಬ. ಅಧಿಸೂಚನೆ ಬರುತ್ತದೆ, ಮುಂದೂಡುತ್ತಾರೆ, ಪರೀಕ್ಷೆ ನಡೆಯುತ್ತದೆ, ಕೋರ್ಟಿಗೆ ಹೋಗುತ್ತದೆ. ವಯಸ್ಸಿನ ಮಿತಿ ಹತ್ತಿರವಾದವರ ಮುಖ ನೋಡಿದರೆ ಗೊತ್ತಾಗುತ್ತದೆ. ಅವರಲ್ಲಿ ಕೆಲವರು ಫಲಿತಾಂಶದ ದಿನದ ನಂತರ ಬರುವುದನ್ನು ನಿಲ್ಲಿಸುತ್ತಾರೆ. ಎಲ್ಲಿ ಹೋದರು ಎಂದು ನಾವು ಕೇಳುವುದಿಲ್ಲ. ಒಂದು ಕುರ್ಚಿ ಖಾಲಿಯಾಯಿತಲ್ಲ ಎಂದು ಬ್ಯಾಗ್ ಇಡುತ್ತೇವೆ.

ಕಳೆದ ವರ್ಷ ಹಾಗೆ ಬರುವುದನ್ನು ನಿಲ್ಲಿಸಿದ ಗೆಳೆಯನೊಬ್ಬನಿಗೆ ನಾನು ಫೋನ್ ಮಾಡಿದೆ. ರಷ್ಯಾದ ಗ್ರಾಫ್ ನೋಡಿರದಿದ್ದರೆ ಮಾಡುತ್ತಿರಲಿಲ್ಲವೇನೋ. ಮೂರನೇ ಸಲಕ್ಕೆ ಎತ್ತಿದ. ಹಗಲಿನಲ್ಲೇ ಮಾತು ತೊದಲುತ್ತಿತ್ತು. "ಏನು ವಿಷಯನಪ್ಪ?" ಎಂದ. "ಏನಿಲ್ಲ, ಬಾ ಬೆಣ್ಣೆದೋಸೆ ತಿನ್ನೋಣ" ಎಂದೆ. ನಾಲ್ಕು ದಿನ ಬಿಟ್ಟು ಬಂದ. ದೋಸೆ ತಿಂದೆವು, ಪರೀಕ್ಷೆ ವಿಷಯ ಇಬ್ಬರೂ ಎತ್ತಲಿಲ್ಲ. ಈಗ ಅವನು ಹರಿಹರದಲ್ಲಿ ಒಂದು ಖಾಸಗಿ ಕಂಪನಿಯ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳ ಕಡಿಮೆ. ಭಾನುವಾರ ಮಾತ್ರ ಓದಲು ಬರುತ್ತಾನೆ. ಇದನ್ನು ನಾನು ದೊಡ್ಡ ಉಪಕಾರ ಎಂದು ಹೇಳುತ್ತಿಲ್ಲ. ನಾನು ಫೋನ್ ಮಾಡದಿದ್ದರೂ ಅವನು ಸರಿಹೋಗುತ್ತಿದ್ದನೇನೋ. ಆದರೆ ಚಿಕ್ಕಪ್ಪನಿಗೆ ಆ ಹದಿನೈದು ವರ್ಷದಲ್ಲಿ ಯಾರಾದರೂ ಹಾಗೆ ಫೋನ್ ಮಾಡಿದ್ದರೇ ಎಂದು ಅಪ್ಪನನ್ನು ಕೇಳಿದಾಗ ಅಪ್ಪ ಮಾತಾಡಲಿಲ್ಲ.

ಒಂದು ದೇಶದ ಮದ್ಯ ನೀತಿ, ಉದ್ಯೋಗ ನೀತಿ ನಮ್ಮ ಕೈಯಲ್ಲಿಲ್ಲ. ಅವುಗಳನ್ನು ಪ್ರಶ್ನಿಸುವುದು, ಓಟು ಹಾಕುವಾಗ ನೆನಪಿಡುವುದು ನಮ್ಮ ಕೈಯಲ್ಲಿದೆ. ಗಂಡಸರು ಬೇಗ ಸಾಯುವುದು ಸಹಜ, ಹಣೆಬರಹ ಎನ್ನುವವರಿಗೆ ರಷ್ಯಾದ ಗೆರೆ ತೋರಿಸಬಹುದು. ಹಣೆಬರಹ ಮೂರು ವರ್ಷಕ್ಕೊಮ್ಮೆ ಬದಲಾಗುವುದಿಲ್ಲ. ನಮ್ಮೊಳಗೆ ಯಾರಾದರೂ ಕುಸಿಯುತ್ತಿದ್ದರೆ ಜೊತೆಗೆ ಕೂರುವುದೂ ನಮ್ಮ ಕೈಯಲ್ಲಿದೆ. ನಮ್ಮಿಂದ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಾಜೆಕ್ಟ್ ವರದಿಯ ಕೊನೆಯ ಪುಟದಲ್ಲಿ ತೀರ್ಮಾನ ಬರೆಯಬೇಕಿತ್ತು. ಮದ್ಯ ಒಂದು ಕಾರಣ, ನಿರುದ್ಯೋಗ ಇನ್ನೊಂದು ಕಾರಣ ಎಂದು ನಾನು ಬೇರೆ ಬೇರೆ ಬರೆದಿದ್ದೆ. ಮೇಡಂ ಎರಡರ ನಡುವೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು ಜೋಡಿಸಿ, 'ಇದನ್ನು ವಿವರಿಸು' ಎಂದು ಬರೆದರು. ಆ ವರದಿ ಈಗಲೂ ನನ್ನ ಹತ್ತಿರ ಇದೆ. ಕಳೆದ ತಿಂಗಳು ಚಿಕ್ಕಪ್ಪನ ವರ್ಷಾಬ್ದಿಗೆ ಹೋಗಿದ್ದಾಗ ಚಿಕ್ಕಮ್ಮ ಅವರ ಹಳೆಯ ಗಿರಣಿಯ ಗುರುತಿನ ಚೀಟಿ ತೋರಿಸಿದರು. ಫೋಟೋದಲ್ಲಿ ಚಿಕ್ಕಪ್ಪ ನನ್ನ ವಯಸ್ಸಿನವರು. ಎಣ್ಣೆ ಹಚ್ಚಿ ತಲೆ ಬಾಚಿಕೊಂಡಿದ್ದರು. "ನಿನ್ನ ಥರಾನೇ ಇದ್ರು ನೋಡು" ಎಂದರು ಚಿಕ್ಕಮ್ಮ. ಮೊದಲಾಗಿದ್ದರೆ ನನಗೆ ಆ ಮಾತು ಇಷ್ಟವಾಗುತ್ತಿರಲಿಲ್ಲ. ಅವತ್ತು "ಹೌದು ಚಿಕ್ಕಮ್ಮ" ಎಂದೆ.